ಕೈಗುಣದ ಪೆಟ್ಟಿಗೆ

ಭಾನುವಾರ ಬೆಳಿಗ್ಗೆ ಗುಬ್ಬಿಯಲ್ಲಿರುವ ತಂಗಿಯ ಮನೆಗೆ ಹೋಗೋಣ ಅಂತ ನಳಿನಾಕ್ಷಿ ಕಾರಿನೊಳಗೆ ಕೂತಳು. ಕೂತರೆ ಕಾಲಿಗೆ ಬ್ರೇಕೇ ಸಿಗಲಿಲ್ಲ. ಸ್ಟೇರಿಂಗ್ ಮುಟ್ಟಿದ ತಕ್ಷಣ ಅವಳ ಕೈ ಗುರುತು ಹಿಡಿದು ತಾನಾಗಿ ಮುಂದಕ್ಕೆ ಬರಬೇಕಾದ ಸೀಟು ಅಲ್ಲಾಡಲಿಲ್ಲ. ಒಳಗಿನ ಕನ್ನಡಿ ಅವಳ ತಲೆಯ ಮೇಲಿಂದ ಎಲ್ಲೋ ನೋಡುತ್ತಿತ್ತು. ಗಡಿಯಾರ ಹನ್ನೆರಡು ಗಂಟೆ ತೋರಿಸುತ್ತಿತ್ತು, ಹೊತ್ತು ನೋಡಿದರೆ ಇನ್ನೂ ಒಂಬತ್ತು ದಾಟಿರಲಿಲ್ಲ. ರೇಡಿಯೋ ಹಾಕಿದರೆ ಬರೀ ಗೊರಗೊರ. ಒಂದು ಸಲ ಒತ್ತಿದರೆ ಸರ್ರನೆ ಮೇಲಕ್ಕೆ ಹೋಗುತ್ತಿದ್ದ ಕಿಟಕಿ ಗಾಜು ಈಗ ಒತ್ತಿದಷ್ಟೇ ಏರಿ, ಅರ್ಧದಲ್ಲಿ ನಿಂತು, ಮುಂದೇನು ಅಂತ ಕೇಳುವ ಹಾಗಿತ್ತು.

ಅಂದರೆ ಗಂಡ ಮತ್ತೆ ಬ್ಯಾಟರಿ ಬದಲಾಯಿಸಿದ್ದಾರೆ. ಮೂರು ತಿಂಗಳಲ್ಲಿ ಇದು ಎರಡನೇ ಸಲ.

ಹಿಂದಿನ ಕಾಲದಲ್ಲಾಗಿದ್ದರೆ ಇದೊಂದು ವಿಷಯವೇ ಅಲ್ಲ. ಬ್ಯಾಟರಿ ಬಿಚ್ಚಿದರೆ ಗಡಿಯಾರ ಹೋಗುತ್ತಿತ್ತು, ರೇಡಿಯೋ ಸ್ಟೇಷನ್ ಹೋಗುತ್ತಿತ್ತು, ಒಂದು ಹತ್ತು ನಿಮಿಷ ಕೂತು ಸರಿ ಮಾಡಿಕೊಂಡರೆ ಮುಗಿಯಿತು. ಈಗಿನ ಕಾರುಗಳ ಕಥೆ ಬೇರೆ. ಪ್ರತಿ ಕಾರಿನಲ್ಲೂ ಕೈಗುಣದ ಪೆಟ್ಟಿಗೆ ಅಂತ ಒಂದು ಇರಲೇಬೇಕು ಅಂತ ಕಾನೂನು ಬಂದು ಐದು ವರ್ಷ ಆಯಿತು. ಸ್ಟೇರಿಂಗ್ ಹಿಡಿದ ಬೆರಳುಗಳ ಬಿಗಿಯನ್ನು ಅದು ಸೆಕೆಂಡಿಗೆ ನೂರು ಸಲ ಅಳೆಯುತ್ತದೆ. ಬ್ರೇಕ್ ಮೇಲೆ ಕಾಲು ಎಷ್ಟು ಬೇಗ ಬಿತ್ತು, ತಿರುವಿನಲ್ಲಿ ಕೈ ಎಷ್ಟು ತಡವರಿಸಿತು, ಎಲ್ಲ ಬರೆದುಕೊಳ್ಳುತ್ತದೆ. ಐನೂರು ಕಿಲೋಮೀಟರ್ ಓಡುವವರೆಗೆ ಅದು ಕಲಿಯುವ ಕೂಸು. ಐನೂರು ದಾಟಿದ ಮೇಲೆ ತಿಂಗಳ ಒಂದನೇ ತಾರೀಕು ವರದಿ ಕಳಿಸುತ್ತದೆ. ಕರೆಂಟು ಪೂರ್ತಿ ಕಡಿದು ಹೊಸ ನಂಬರಿನ ಬ್ಯಾಟರಿ ಕೂರಿಸಿದರೆ ಕಲಿತದ್ದೆಲ್ಲ ಮರೆತು ಮತ್ತೆ ಸೊನ್ನೆಯಿಂದ ಶುರು.

ವರದಿ ಹೋಗುವುದು ಎಲ್ಲಿಗೆ? ಜಿಲ್ಲಾ ಕೈಗುಣ ಕೇಂದ್ರಕ್ಕೆ. ಅಲ್ಲಿ ಅದನ್ನು ನೋಡುವವರು ಯಾರು? ಇದೇ ನಳಿನಾಕ್ಷಿ. ತುಮಕೂರಿನ ಆ ಕೇಂದ್ರದಲ್ಲಿ ಹಗಲು ಪಾಳಿಯ ಮುಖ್ಯಸ್ಥೆ ಅವಳೇ. ಹಾಗಾಗಿ ಬ್ಯಾಟರಿ ವಿಷಯದಲ್ಲಿ ಅವಳಿಗೆ ಯಾರೂ ಕಾಗೆ ಹಾರಿಸುವ ಹಾಗಿರಲಿಲ್ಲ. ಸೀಟನ್ನು ಕೈಯಲ್ಲೇ ಮುಂದಕ್ಕೆ ಎಳೆದುಕೊಂಡು, ಕನ್ನಡಿ ಬಗ್ಗಿಸಿ, ದಾರಿಯುದ್ದಕ್ಕೂ ಹಲ್ಲು ಕಡಿಯುತ್ತಲೇ ಗುಬ್ಬಿಗೆ ಹೋಗಿ ಬಂದಳು.

ಸೋಮವಾರ ಕೇಂದ್ರಕ್ಕೆ ಹೋದರೆ, ಕೊರಟಗೆರೆ ಕಡೆಯ ಒಬ್ಬರು ವಯಸ್ಸಾದವರು ಬೆಳಿಗ್ಗೆಯಿಂದ ಕಾದು ಕೂತಿದ್ದರು. ಅವರ ವರದಿ ಕೆಂಪು ಬಂದಿತ್ತು, ಲೈಸೆನ್ಸು ನಿಂತುಹೋಗಿತ್ತು.

"ನಲವತ್ತು ವರ್ಷ ಲಾರಿ ಹಿಡಿದ ಕೈ ಕಣಮ್ಮ ಇದು. ಒಂದು ಕೋಳಿ ಮೇಲೂ ಹತ್ತಿಸಿಲ್ಲ."

"ಯಂತ್ರ ಸುಳ್ಳು ಹೇಳಲ್ಲ ಸ್ವಾಮಿ," ಅಂದಳು ನಳಿನಾಕ್ಷಿ, ತಲೆ ಎತ್ತದೆ.

"ಸುಳ್ಳು ಹೇಳುತ್ತೆ ಅಂತ ನಾನೆಲ್ಲಿ ಅಂದೆ ತಾಯಿ? ಹೇಳೋದಕ್ಕೆ ಒಂದು ರೀತಿ ಇರುತ್ತಲ್ಲ. ಮೊಬೈಲಿಗೆ ಒಂದು ಕೆಂಪು ಚುಕ್ಕೆ ಕಳಿಸಿಬಿಟ್ರೆ ಆಯ್ತಾ?"

ಅವರು ಎದ್ದು ಹೋದರು. ಅವಳು ಅದನ್ನು ಅಷ್ಟಕ್ಕೇ ಮರೆತಳು, ಯಾಕೆಂದರೆ ಪಕ್ಕದ ಕುರ್ಚಿಯಿಂದ ಓಬಳೇಶ ಒಂದು ಹಾಳೆ ಚಾಚಿದ್ದ. ಓಬಳೇಶ ಕೇಂದ್ರದ ಆಪರೇಟರು. ಕೆಲಸದಲ್ಲಿ ಚುರುಕು, ಬಾಯಲ್ಲಿ ಅದಕ್ಕಿಂತ ಚುರುಕು.

"ನೋಡಿ ಮೇಡಂ, ಹೊಸ ಕಳ್ಳದಾರಿ. ಐನೂರು ಕಿಲೋಮೀಟರ್ ಆಗೋಕೆ ಇನ್ನೇನು ಸ್ವಲ್ಪ ಇದೆ ಅನ್ನೋವಾಗ ಬ್ಯಾಟರಿ ಬದಲಾಯಿಸಿಬಿಡೋದು. ಕೂಸು ಯಾವತ್ತೂ ದೊಡ್ಡದಾಗೋದೇ ಇಲ್ಲ, ವರದಿ ಬರೋದೇ ಇಲ್ಲ. ಜಿಲ್ಲೇಲಿ ಏಳು ಕಾರು ಸಿಕ್ಕಿವೆ. ಆ ನಾಲ್ಕನೇ ಗಿರಾಕಿ ಇದಾನಲ್ಲ, ಅವನು ಎರಡು ಸಲ ಮಾಡಿದಾನೆ. ಸೀಟಿನ ಅಳತೆ ಸಮೇತ ಅಳಿಸ್ತಾನೆ ಅಂದ್ರೆ ಹೆಂಡತಿಗೆ ಗೊತ್ತಾಗದ ಹಾಗೆ ಇನ್ಯಾರಿಗೋ ಕಾರು ಕೊಡ್ತಿರ್ಬೇಕು!"

ನಾಲ್ಕನೆಯ ನಂಬರು ಅವಳ ಮನೆಯ ಕಾರಿನದು. ನಳಿನಾಕ್ಷಿ ಹಾಳೆಯನ್ನು ನಾಲ್ಕಾಗಿ ಮಡಿಸಿ ಬ್ಯಾಗಿನೊಳಗೆ ಇಟ್ಟುಕೊಂಡಳು.

"ಇದನ್ನ ನಾನು ನೋಡ್ಕೋತೀನಿ," ಅಂದಳು.

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅಂತಾರಲ್ಲ, ಆವತ್ತು ಸಂಜೆಯಿಂದ ಮನೆಯಲ್ಲಿ ಅವಳಿಗೆ ಎಲ್ಲವೂ ಹಾಗೇ ಕಾಣತೊಡಗಿತು. ಗಂಡ ರುದ್ರಸ್ವಾಮಿ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಕಾಫಿಗೆ ಸಕ್ಕರೆ ಕಮ್ಮಿ, ಸಾರಿಗೆ ಹುಳಿ ಜಾಸ್ತಿ ಅಂತ ಹೇಳದ ದಿನವಿಲ್ಲ. ಅಂಥ ಮನುಷ್ಯ ಈಗ ಐದು ತಿಂಗಳಿಂದ ಒಂದು ತಪ್ಪು ತೆಗೆದಿಲ್ಲ. ಏನು ಹಾಕಿದರೂ "ಚೆನ್ನಾಗಿದೆ ಕಣೆ". ಯಾವ ಗಂಡಸು ಸುಮ್ಮಸುಮ್ಮನೆ ಅಷ್ಟು ಒಳ್ಳೆಯವನಾಗುತ್ತಾನೆ?

ಅದು ಸಾಲದು ಅಂತ ಲೋಟದ ತುಂಬ ಕಾಫಿ ಕುಡಿಯುತ್ತಿದ್ದವರು "ಅರ್ಧ ಸಾಕು" ಅನ್ನೋಕೆ ಶುರು ಮಾಡಿದ್ದರು. ಮಿಕ್ಕರ್ಧ ಎಲ್ಲಿ ಕುಡಿದು ಬರುತ್ತಾರೆ? ಯುಗಾದಿ ಕಳೆದು ವಾರಕ್ಕೇ ಪೇಟೆಯಿಂದ ಒಂದು ರಂಗೋಲಿ ಕೊಳವೆ ತಂದುಕೊಟ್ಟಿದ್ದರು, ನೆಲದ ಮೇಲೆ ಉರುಳಿಸಿದರೆ ತಾನೇ ಎಳೆ ಬಿಡುವಂಥದ್ದು. "ಬಗ್ಗಿ ಬಗ್ಗಿ ಯಾಕೆ ಕಷ್ಟಪಡ್ತೀಯ" ಅಂದಿದ್ದರು. ಮದುವೆಯ ಹೊಸತರಲ್ಲೂ ಕೇಳದೆ ಒಂದು ಹೇರ್‌ಪಿನ್ ತಂದುಕೊಟ್ಟವರಲ್ಲ ಅವರು. ಇನ್ನು ಕಾರಿನ ಕೀಲಿ. ಅದನ್ನು ಮೊಳೆಗೆ ತೂಗುಹಾಕುವುದೇ ಬಿಟ್ಟಿದ್ದರು. "ನಾನೇ ಬಿಡ್ತೀನಿ ಬಾ ಆಫೀಸಿಗೆ," ಅನ್ನುತ್ತಿದ್ದರು. ಭಾನುವಾರದ ಗುಬ್ಬಿ ಪ್ರಯಾಣಕ್ಕೆ ಮಾತ್ರ ಅವಳು ಜಗಳವಾಡಿ ಕೀಲಿ ಕಿತ್ತುಕೊಳ್ಳುತ್ತಿದ್ದಳು.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟಳು. "ರೀ, ಬ್ಯಾಟರಿಗೆ ಏನಾಗಿತ್ತು?"

"ಸ್ಟಾರ್ಟ್ ಆಗ್ಲಿಲ್ಲ ಕಣೆ."

"ಹಿಂದಿನ ದಿನ ಸಂಜೆ ಚೆನ್ನಾಗೇ ಇತ್ತಲ್ಲ?"

"ಬ್ಯಾಟರಿ ಏನು ಹೇಳಿ ಕೇಳಿ ಕೆಡುತ್ತಾ?" ಅಂದು ಮೇಷ್ಟ್ರು ಬಗ್ಗಿ ಮುದ್ದೆ ಮುರಿದರು. ಅವರಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಕಿವಿ ಎರಡೂ ಕೆಂಪಗಾಗಿದ್ದವು.

ಗೋಡೆಯ ಮೇಲೆ ನಳಿನಾಕ್ಷಿಯ ತಾಯಿಯ ಫೋಟೋ ಇತ್ತು. ಕಡೆಯ ನಾಲ್ಕು ವರ್ಷ ನಡುಕದ ಕಾಯಿಲೆಯಿಂದ ಹಣೆಗೆ ತಾವೇ ವಿಭೂತಿ ಇಟ್ಟುಕೊಳ್ಳಲಾರದೆ ಹೋದ ಜೀವ ಅದು. ಮಣ್ಣು ಮಾಡಿ ಬಂದ ದಿನ ನಳಿನಾಕ್ಷಿ ಅಳುತ್ತಾ ಗಂಡನ ಕೈ ಹಿಡಿದು, "ನನಗೂ ಇದು ಬಂದ್ರೆ ನನಗೆ ಹೇಳ್ಬೇಡಿ ರೀ, ಗೊತ್ತಿಲ್ಲದ ಹಾಗೇ ಇದ್ದುಬಿಡ್ತೀನಿ," ಅಂದಿದ್ದಳು. ಈಗ ಅದೇ ಫೋಟೋ ನೋಡುತ್ತಾ, ಅಮ್ಮಾ, ನಿನ್ನ ಅಳಿಯನ ಬಣ್ಣ ನೋಡಿದೆಯಾ ಅಂತ ಮನಸ್ಸಿನಲ್ಲೇ ದೂರು ಹೇಳಿದಳು.

ಮಾರನೇ ದಿನ ಮಧ್ಯಾಹ್ನ ರಜೆ ಹಾಕಿ ಶಿರಾ ಗೇಟಿನ ಹತ್ತಿರ ಇನಾಯತನ ಬ್ಯಾಟರಿ ಅಂಗಡಿಗೆ ಹೋದಳು. ಅವರ ಕಾರಿನ ವೈರಿಂಗ್ ಕೆಲಸ ಎಲ್ಲ ಮೊದಲಿಂದಲೂ ಇನಾಯತನದೇ. ಅವಳನ್ನು ಕಂಡ ತಕ್ಷಣ ಅವನು ಕೈ ಒರೆಸಿಕೊಂಡು ಸ್ಟೂಲು ಎಳೆದ.

"ಕೂತ್ಕೊಳ್ಳಿ ಅಕ್ಕ. ಟೀ ಹೇಳ್ಲಾ?"

"ಟೀ ಬೇಡ. ನಮ್ಮ ಕಾರಿನ ಹಳೇ ಬ್ಯಾಟರಿ ಎಲ್ಲಿ? ಅದು ಕೆಟ್ಟಿತ್ತಾ?"

ಇನಾಯತ ಅಂಗಡಿಯ ಮೂಲೆ ನೋಡಿದ. ಅಲ್ಲಿ ಆ ಬ್ಯಾಟರಿ ಯಾರದೋ ಟ್ರ್ಯಾಕ್ಟರಿನ ದೀಪಕ್ಕೆ ಝಗಝಗ ಅಂತ ಕರೆಂಟು ಕೊಡುತ್ತಾ ಕೂತಿತ್ತು. ಸುಳ್ಳು ಹೇಳಲು ದಾರಿಯೇ ಇರಲಿಲ್ಲ.

"ಕೆಟ್ಟಿರಲಿಲ್ಲ ಅಕ್ಕ."

"ಮತ್ತೆ?"

"ಮೇಷ್ಟ್ರನ್ನೇ ಕೇಳಿ. ನಾನು ಬೇಡ ಅಂದೆ. ಇಲ್ನೋಡಿ," ಅಂತ ಒಂದು ಪುಟ್ಟ ಸ್ಕೂಟರ್ ಬ್ಯಾಟರಿ ಎತ್ತಿ ತೋರಿಸಿದ. ಅದರ ಎರಡೂ ಕಿವಿಗೆ ವೈರು, ವೈರಿನ ತುದಿಗೆ ಕ್ಲಿಪ್ಪು. "ಇದಕ್ಕೆ ನಾವು ಉಸಿರು ಅಂತೀವಿ. ದೊಡ್ಡ ಬ್ಯಾಟರಿ ಬಿಚ್ಚೋ ಮುಂಚೆ ಇದನ್ನ ಕಟ್ಟಿಬಿಟ್ರೆ ಕಾರಿಗೆ ಏನೂ ಮರೆಯಲ್ಲ. ಗಡಿಯಾರ, ಸೀಟು, ಕೈಗುಣ, ಎಲ್ಲ ಇದ್ದಲ್ಲೇ ಇರುತ್ತೆ. ಪೂಜೆ ಮಾಡಿಸ್ಕೊಂಡ ಗಾಡಿದು ಪೂರ್ತಿ ಉಸಿರು ನಿಲ್ಲಿಸ್ಬಾರದು ಅಂತ ನಮ್ಮ ಉಸ್ತಾದರು ಹೇಳ್ಕೊಟ್ಟಿದ್ದು. ಆದ್ರೆ ಮೇಷ್ಟ್ರು, ಉಸಿರು ಕಟ್ಟಬೇಡ ಇನಾಯತ್, ಎಲ್ಲ ಹೋಗ್ಲಿ ಅಂದ್ರು. ಎರಡು ಸಲವೂ."

"ಎಲ್ಲ ಹೋಗ್ಲಿ ಅಂದ್ರಾ?"

"ಹೂಂ ಅಕ್ಕ. ಹಾಗಂದು ಅಲ್ಲೇ ಆ ಕಂಬ ಒರಗಿಕೊಂಡು ನಿಂತಿದ್ರು. ಮುಖ ನೋಡೋಕೆ ಆಗ್ಲಿಲ್ಲ."

ಪಾಪಪ್ರಜ್ಞೆ, ಇನ್ನೇನು, ಅಂದುಕೊಂಡಳು ನಳಿನಾಕ್ಷಿ. ಇಬ್ಬರ ಜೊತೆಗೆ ಮೂರನೆಯ ಕೈಯೊಂದು ಆ ಸ್ಟೇರಿಂಗ್ ಹಿಡಿಯುತ್ತಿದೆ, ಮೂರನೆಯ ದೇಹವೊಂದು ಆ ಸೀಟಿನಲ್ಲಿ ಕೂರುತ್ತಿದೆ. ಅದರ ಗುರುತು ಸಿಗಬಾರದು ಅಂತಲೇ ಇಷ್ಟೆಲ್ಲ. ನೇರ ಆಫೀಸಿಗೆ ಬಂದು ತನ್ನದೇ ಕಾರಿನ ನಂಬರನ್ನು ನಿಗಾ ಪಟ್ಟಿಗೆ ಹಾಕಿದಳು. ನಿಗಾದಲ್ಲಿರುವ ಕಾರಿನ ಪೆಟ್ಟಿಗೆಯಲ್ಲಿ ಏನಿದ್ದರೂ ಒಂದನೇ ತಾರೀಕು ಬಂದೇ ಬರುತ್ತದೆ, ಐನೂರು ದಾಟಿರಲಿ ಬಿಡಲಿ.

ಆ ಒಂದು ತಿಂಗಳು ಅವಳು ಪಟ್ಟ ಪಾಡು ಯಾರಿಗೂ ಬೇಡ. ಮೇಷ್ಟ್ರ ಅಂಗಿ ಮೂಸಿದಳು. ಸೀಟಿನ ಸಂದಿಯಲ್ಲಿ ಕೈ ಹಾಕಿ ಕೂದಲು ಹುಡುಕಿದಳು. ಸಿಕ್ಕಿದ್ದು ಸೀಸದ ಕಡ್ಡಿಯ ಚೂರು, ಒಂದು ರಬ್ಬರು, ಮತ್ತೆ ಅವಳದೇ ಒಂದು ಕೂದಲು. ರಂಗೋಲಿ ಕೊಳವೆಯನ್ನು ಕಸದ ಬುಟ್ಟಿಗೆ ಎಸೆದು ಕೈಯಲ್ಲೇ ಎಳೆ ಬಿಟ್ಟಳು. ಅದು ಕೋಪಕ್ಕೋ ಏನೋ ಸೊಟ್ಟಸೊಟ್ಟ ಬಂತು. ಮೇಷ್ಟ್ರು ಹೊಸಿಲಲ್ಲಿ ನಿಂತು ಅದನ್ನೇ ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಹೋದರು.

ಆಯುಧಪೂಜೆಗೆ ಐದು ದಿನ ಇರುವಾಗ ಕಾರು ಒಂದು ಸಂಜೆ ಪೂರ್ತಿ ಮನೆಯಲ್ಲಿರಲಿಲ್ಲ. "ತೊಳೆಸೋಕೆ ಬಿಟ್ಟಿದ್ದೆ," ಅಂದರು ಮೇಷ್ಟ್ರು. ಬೆಳಿಗ್ಗೆ ಅವರು ಸ್ನಾನಕ್ಕೆ ಹೋದಾಗ ನಳಿನಾಕ್ಷಿ ಅವರ ಜೇಬಿನಿಂದ ಕೀಲಿ ತೆಗೆದುಕೊಂಡು ಹೋಗಿ ಸ್ಟೇರಿಂಗ್ ಮುಟ್ಟಿದಳು. ಸೀಟು ಮೆಲ್ಲಗೆ ಮುಂದಕ್ಕೆ ಬಂತು. ಕನ್ನಡಿ ಬಾಗಿತು. ಗಡಿಯಾರ ಸರಿಯಾಗಿತ್ತು. ರೇಡಿಯೋದಲ್ಲಿ ಅವಳ ಸ್ಟೇಷನ್ನೇ ಹಾಡುತ್ತಿತ್ತು. ಅಬ್ಬ, ಈ ಸಲ ಬದಲಾಯಿಸಿಲ್ಲ ಅಂತ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು.

ಆಫೀಸಿಗೆ ಹೋಗಿ ನೋಡಿದರೆ ಪರದೆಯ ಮೇಲೆ ಹೊಸ ಬ್ಯಾಟರಿಯ ನಂಬರು!

ಅಂದರೆ ಈಗ ಉಸಿರು ಕಟ್ಟಿಸಿಕೊಂಡು, ಗುರುತೇ ಸಿಗದ ಹಾಗೆ ಮಾಡುವಷ್ಟು ಪಳಗಿಬಿಟ್ಟಿದ್ದಾರೆ ಅಂದುಕೊಂಡಳು. ನಡೆದದ್ದು ಬೇರೆ. ಹಬ್ಬದ ಮುಂಚೆ ಇನಾಯತನ ಅಂಗಡಿ ಮುಂದೆ ಗಾಡಿಗಳ ಸಾಲು ರಸ್ತೆಯವರೆಗೂ ನಿಂತಿತ್ತು. ಮೇಷ್ಟ್ರು ಕಾರು ಬಿಟ್ಟು, ಈ ಸಲವೂ ಹಾಗೇ ಅಂತ ಹೇಳಿ ಹೋಗಿದ್ದರು. ದಿನಕ್ಕೆ ಮೂವತ್ತು ಗಾಡಿ ನೋಡುವ ಕೈ, ಇಪ್ಪತ್ತು ವರ್ಷದ ರೂಢಿ, ಕ್ಲಿಪ್ಪು ತಾನೇ ಹೋಗಿ ಕಚ್ಚಿಕೊಂಡಿತು. ಕಾರು ಏನನ್ನೂ ಮರೆಯಲಿಲ್ಲ. ಇನಾಯತನಿಗೆ ತಾನು ಕಟ್ಟಿದ್ದೇ ನೆನಪಿರಲಿಲ್ಲ.

ಒಂದನೇ ತಾರೀಕು. ಕೇಂದ್ರದಲ್ಲಿ ಎಲ್ಲರೂ ಕಂಪ್ಯೂಟರುಗಳಿಗೆ ಹಚ್ಚಲು ಅರಿಶಿನ ಕುಂಕುಮ ತರಿಸಿ, ಹೂವು ಎಷ್ಟು ಮೊಳ ಬೇಕು ಅಂತ ಮಾತಾಡುತ್ತಿದ್ದರು. ನಾಡಿದ್ದು ಆಯುಧಪೂಜೆ. ಮಧ್ಯಾಹ್ನ ಮೂರಕ್ಕೆ ವರದಿಗಳು ಬರತೊಡಗಿದವು. ಅವಳ ಕಾರಿನದು ನಾಲ್ಕಕ್ಕೆ ಬಂತು.

ವರದಿಯಲ್ಲಿ ಯಾರ ಹೆಸರೂ ಇರುವುದಿಲ್ಲ, ಹೆಸರು ಪತ್ತೆ ಮಾಡುವುದು ಲೈಸೆನ್ಸು ಕಚೇರಿಯ ಕೆಲಸ. ಮೊದಲನೇ ಕೈ, ಎರಡನೇ ಕೈ, ಹೀಗೆ. ಯಾರು ಮೊದಲು ಕೂತರೋ ಅವರದು ಮೊದಲನೆಯದು. ಮೊದಲನೇ ಕೈ ಹಸಿರು. ಸೀಟು ಹಿಂದಕ್ಕೆ, ಎತ್ತರದ ಆಳು, ನಿಧಾನಸ್ಥ. ಅದು ಮೇಷ್ಟ್ರು. ಎರಡನೇ ಕೈ ಕೆಂಪು.

"ಸಿಕ್ಕಳು," ಅಂದಳು ನಳಿನಾಕ್ಷಿ, ಕೆಳಗೆ ಮೂರನೇ ಕೈ ಇದೆಯಾ ಅಂತಲೂ ನೋಡದೆ.

ಓಬಳೇಶ ಕುರ್ಚಿ ಸರಿಸಿಕೊಂಡು ಬಂದ. ಅದು ಅವಳ ಕಾರು ಅಂತ ಅವನಿಗೆ ಗೊತ್ತಿಲ್ಲ. "ಓಹೋ, ನಮ್ಮ ನಾಲ್ಕನೇ ಗಿರಾಕಿ! ಯಾರು ಮೇಡಂ ಆ ಯಮ್ಮ?"

"ಯಾವಳೋ ಕುಳ್ಳಿ. ಸೀಟು ನೋಡು, ಹೊಟ್ಟೆ ಸ್ಟೇರಿಂಗಿಗೆ ತಾಗೋಷ್ಟು ಮುಂದಕ್ಕೆ ಎಳ್ಕೊಂಡಿದಾಳೆ. ಕನ್ನಡಿ ಅಷ್ಟು ಕೆಳಕ್ಕೆ. ಸೊಕ್ಕು ನೋಡು, ರೇಡಿಯೋ ಬೇರೆ ತನಗೆ ಬೇಕಾದ್ದೇ ಇಟ್ಕೊಂಡಿದಾಳೆ."

"ಕೈ ನಡುಗುತ್ತೆ ಮೇಡಂ ಪಾಪ. ಎಡಗೈ ಹೆಬ್ಬೆರಳು. ಸೆಕೆಂಡಿಗೆ ಐದು ಸಲ. ಕಣ್ಣಿಗೆ ಕಾಣೋ ಅಷ್ಟು ಇರಲ್ಲ, ಪೆಟ್ಟಿಗೆಗೆ ಗೊತ್ತಾಗುತ್ತೆ. ಇದು ನಡುಕದ ಕಾಯಿಲೆಯ ಶುರುವಾತು." ಓಬಳೇಶ ಕೆಳಗಿನ ಸಾಲು ಓದಿದ. "ಭಾನುವಾರ ಮಾತ್ರ ಓಡಿಸ್ತಾಳೆ. ತುಮಕೂರಿಂದ ಗುಬ್ಬಿ. ಗುಬ್ಬೀಲಿ ಅದೇ ಒಂದು ಮನೆ ಮುಂದೆ ನಿಲ್ಲಿಸ್ತಾಳೆ. ವಾಪಸ್ಸು."

ನಳಿನಾಕ್ಷಿ ಪರದೆಯ ಹತ್ತಿರ ಬಗ್ಗಿ ಆ ಸಾಲನ್ನು ತಾನೇ ಇನ್ನೊಂದು ಸಲ ಓದಿದಳು.

ಭಾನುವಾರ. ಗುಬ್ಬಿ. ಸೀಟು ಮುಂದಕ್ಕೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಅವಳು ಎಡಗೈ ನೋಡಿಕೊಂಡಳು. ಮೇಜಿನ ಮೇಲಿಟ್ಟಳು. ಏನೂ ಕಾಣಲಿಲ್ಲ. ಆದರೆ ಹೆಬ್ಬೆರಳಿಗೆ ಒರಗಿಕೊಂಡಿದ್ದ ಪೆನ್ನು ಮೇಜಿಗೆ ತಾಗಿ ಟಿಕಿಟಿಕಿ ಅಂತ ಸಣ್ಣಗೆ ಸದ್ದು ಮಾಡುತ್ತಿತ್ತು. ಅಮ್ಮನ ಬಳೆಗಳು ಮೊದಮೊದಲು ಹಾಗೇ ಸದ್ದು ಮಾಡುತ್ತಿದ್ದವು. ಆಗ ಎಲ್ಲರೂ, ಹೊಸ ಬಳೆ ಅಲ್ವಾ ಅಂದಿದ್ದರು.

ಅರ್ಧ ಲೋಟ ಕಾಫಿ. ತುಂಬಿದ ಲೋಟ ಅವಳ ಕೈಯಲ್ಲಿ ತುಳುಕಬಾರದು ಅಂತ. ರಂಗೋಲಿ ಕೊಳವೆ. ಎಳೆ ಸೊಟ್ಟಗಾಗುವುದು ಅವಳ ಕಣ್ಣಿಗೆ ಬೀಳಬಾರದು ಅಂತ. ಜೇಬು ಸೇರಿದ ಕೀಲಿ. ವರದಿ ಹೋದರೆ ಬಂದು ಬೀಳುವುದು ಅವಳದೇ ಮೇಜಿನ ಮೇಲೆ ಅಂತ ಗೊತ್ತಿದ್ದೇ ಬದಲಾಯಿಸಿದ ಬ್ಯಾಟರಿಗಳು. ನನಗೆ ಹೇಳ್ಬೇಡಿ ರೀ ಅಂದಿದ್ದಳಲ್ಲ, ಪುಣ್ಯಾತ್ಮ ಆ ಮಾತು ಉಳಿಸಿಕೊಳ್ಳಲು ಕಳ್ಳನ ಹಾಗೆ ಓಡಾಡಿದ್ದ. ಅವಳು ಅವನ ಅಂಗಿ ಮೂಸಿದ್ದಳು. ನಾಚಿಕೆಯಿಂದ ಅವಳ ಮೈಯೆಲ್ಲ ಬಿಸಿಯಾಯಿತು, ಅದರ ಹಿಂದೆಯೇ ಹೆದರಿಕೆ ಬಂದು ತಣ್ಣಗಾಯಿತು.

ಕೆಂಪು ವರದಿ ಸಂಜೆ ಐದಕ್ಕೆ ಲೈಸೆನ್ಸು ಕಚೇರಿಗೆ ಹೋಗಬೇಕು. ಪರದೆಯಲ್ಲಿ ಕಳಿಸುವ ಗುಂಡಿಯ ಪಕ್ಕದಲ್ಲೇ 'ಯಂತ್ರದೋಷ' ಅಂತ ಇನ್ನೊಂದು ಗುಂಡಿ. ಪಾಳಿಯ ಮುಖ್ಯಸ್ಥರು ಅದನ್ನು ಒತ್ತಿದರೆ ಯಾರೂ ಯಾಕೆ ಅಂತ ಕೇಳುವುದಿಲ್ಲ. ಭಾನುವಾರ ಮತ್ತೆ ಗುಬ್ಬಿಗೆ ಹೋಗಬಹುದು. ಮೇಷ್ಟ್ರು ನಾಟಕ ಮುಂದುವರಿಸಬಹುದು, ಅವಳೂ ಗೊತ್ತಿಲ್ಲದವಳ ಹಾಗೆ ಇರಬಹುದು. ಅವಳ ಬೆರಳು ಅಲ್ಲಿಯವರೆಗೂ ಹೋಯಿತು. ಆಮೇಲೆ ಗುಬ್ಬಿ ದಾರಿಯಲ್ಲಿ ಭಾನುವಾರದ ಸಂತೆಗೆ ತಲೆಯ ಮೇಲೆ ಬುಟ್ಟಿ ಹೊತ್ತು ರಸ್ತೆ ದಾಟುವ ಹೆಂಗಸರು ನೆನಪಾದರು. ಕೊರಟಗೆರೆಯ ಯಜಮಾನರೂ ನೆನಪಾದರು.

"ಐದಾಯ್ತು ಮೇಡಂ. ಕಳಿಸ್ಲಾ?" ಅಂದ ಓಬಳೇಶ.

"ಬೇಡ, ನಾನೇ ಕಳಿಸ್ತೀನಿ," ಅಂದು ನಳಿನಾಕ್ಷಿ ಕಳಿಸುವ ಗುಂಡಿಯನ್ನೇ ಒತ್ತಿದಳು. ಬ್ಯಾಗಿನಲ್ಲಿದ್ದ ಅವಳ ಮೊಬೈಲು ಒಂದು ಸಲ ಗುಂಯ್ ಅಂದಿತು. ಅವಳು ತೆಗೆದು ನೋಡಲಿಲ್ಲ. ಎದ್ದು ಹೊರಡುವಾಗ, "ಓಬಳೇಶ, ಕೊರಟಗೆರೆಯವರು ಬಂದಿದ್ರಲ್ಲ, ಅವರ ನಂಬರು ಹುಡುಕಿಡು. ನಾಳೆ ನಾನು ಫೋನ್ ಮಾಡಿ ಮಾತಾಡ್ಬೇಕು," ಅಂದಳು.

ಸಿಟಿ ಬಸ್ಸಿನಲ್ಲಿ ಮನೆಗೆ ಬಂದಳು. ಮೇಷ್ಟ್ರು ಪಡಸಾಲೆಯಲ್ಲಿ ಕೂತು ಕಾರಿಗೆ ಕಟ್ಟಲು ಮಾವಿನ ಎಲೆ ಪೋಣಿಸುತ್ತಿದ್ದರು. ಮುಖ ನೋಡಿದ ತಕ್ಷಣ ಅವರಿಗೆ ಅರ್ಥವಾಗಿಹೋಯಿತು. ದಾರ ಕೆಳಗಿಟ್ಟರು.

"ಇನಾಯತ ಉಸಿರು ಕಟ್ಟಿಬಿಟ್ನಾ?"

"ಹೂಂ." ಅವಳು ಗೋಡೆಗೆ ಒರಗಿ ನಿಂತಳು. "ಯಾವಾಗ ಗೊತ್ತಾಯ್ತು ನಿಮಗೆ?"

"ಯುಗಾದಿ ದಿನ. ನೀನು ಬಿಟ್ಟ ಎಳೆ ನೋಡಿದೆ. ಮೂವತ್ತು ವರ್ಷ ಮಕ್ಕಳ ಗೆರೆ ತಿದ್ದಿದವನು ನಾನು, ನನಗೆ ಗೊತ್ತಾಗಲ್ವಾ? ಆಮೇಲೆ ಒಂದು ದಿನ, ವರದಿ ಹೋಗೋ ಮುಂಚೆ, ಕಾರೇ ನನಗೆ ಎಚ್ಚರಿಕೆ ತೋರಿಸ್ತು. ಎರಡನೇ ಕೈಯಲ್ಲಿ ನಡುಕ ಅಂತ."

"ನಾನು ನಿಮ್ಮ ಮೇಲೆ ಏನೇನು ಅನುಮಾನ ಪಟ್ಟೆ ಗೊತ್ತಾ ರೀ?"

"ಗೊತ್ತಿತ್ತು. ಅಂಗಿ ಮೂಸ್ತಿದ್ದೆಯಲ್ಲ," ಅಂದರು ಮೇಷ್ಟ್ರು. "ಪಡಲಿ ಬಿಡು ಅಂದ್ಕೊಂಡೆ. ನೀನು ನನ್ನ ಮೇಲೆ ಅನುಮಾನ ಪಡ್ತಿರೋವರೆಗೂ ಇದು ನಿನಗೆ ಗೊತ್ತಾಗಿಲ್ಲ ಅಂತ ನನಗೊಂದು ಧೈರ್ಯ."

ನಳಿನಾಕ್ಷಿ ಗೋಡೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು. ಅವರು ಎದ್ದು ಬಂದು ಬೆನ್ನ ಮೇಲೆ ಕೈಯಿಟ್ಟು ನಿಂತರು. ಅತ್ತು ಮುಗಿದ ಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು ಅಡಿಗೆಮನೆಗೆ ಹೋದಳು. ಡಿಕಾಕ್ಷನ್ ಬಿಸಿ ಮಾಡಿ, ಹಾಲು ಬೆರೆಸಿ, ಲೋಟದ ಕಂಠದವರೆಗೂ ಕಾಫಿ ತುಂಬಿಸಿದಳು. ಎಡಗೈಯಲ್ಲಿ ಬಟ್ಟಲು ಹಿಡಿದು, ಅದರಲ್ಲಿ ಲೋಟ ಇಟ್ಟುಕೊಂಡು ನಡೆದು ಬಂದಳು. ಬರುವಷ್ಟರಲ್ಲಿ ಒಂದಿಷ್ಟು ತುಳುಕಿ ಬಟ್ಟಲಿಗೆ ಬಿತ್ತು. ಮೇಷ್ಟ್ರು ನೋಡುತ್ತಲೇ ಇದ್ದರು, ಏಳಲಿಲ್ಲ, ಕೈ ಚಾಚಲಿಲ್ಲ.

"ಅರ್ಧ ಸಾಕು ಅಂತ ಇನ್ಮೇಲೆ ಹೇಳ್ಬೇಡಿ," ಅಂದಳು.

ಅವರು ಬಟ್ಟಲಿಗೆ ಚೆಲ್ಲಿದ್ದನ್ನು ಮೊದಲು ಕುಡಿದರು. ಆಮೇಲೆ ಲೋಟ ಎತ್ತಿ ಒಂದು ಗುಟುಕು ಹೀರಿ, ಮುಖ ಹುಳ್ಳಗೆ ಮಾಡಿದರು.

"ಸಕ್ಕರೆ ಕಮ್ಮಿ ಕಣೆ."

ಆರು ತಿಂಗಳಲ್ಲಿ ಮೊದಲ ಸಲ ನಳಿನಾಕ್ಷಿಗೆ ಗಂಡನ ಮಾತಿನ ಮೇಲೆ ಪೂರ್ತಿ ನಂಬಿಕೆ ಬಂತು. ಸಕ್ಕರೆ ಡಬ್ಬಿ ತರಲು ಒಳಗೆ ಹೋದಳು.